ನೀರು ಕೊಟ್ಟ ಗೋರಿಗಳು

ಹಿರೇಬೆಣಕಲ್ ಗುಡ್ಡದ ಮೇಲಿನ ಕಲ್ಲಿನ ಕೋಣೆಗಳ ಮುಂದೆ ನಿಂತವರ ಕಣ್ಣು ಮೊದಲು ಹೋಗುವುದು ಆ ಕಿಂಡಿಯ ಕಡೆಗೆ. ಆಳೆತ್ತರದ ಗ್ರಾನೈಟ್ ಚಪ್ಪಡಿ, ಅದರಲ್ಲಿ ದುಂಡಗೆ ಕೊರೆದ ಒಂದು ಕಂಡಿ. ದೊಡ್ಡವರು ಮೊಣಕಾಲೂರಿ, ತಲೆ ತಗ್ಗಿಸಿ, ತೆವಳಿಕೊಂಡರೆ ಮಾತ್ರ ಒಳಗೆ ನುಸುಳಬಹುದು. ಉಳಿದ ಮೂರು ದಿಕ್ಕಿಗೂ ಚಪ್ಪಡಿಗಳೇ ಗೋಡೆ, ಮೇಲೆ ಹೊದಿಸಿದ ಇನ್ನೊಂದು ಚಪ್ಪಡಿಯೇ ಮಾಳಿಗೆ. ಗಾರೆಯ ಗುರುತಿಲ್ಲ, ಕಬ್ಬಿಣದ ಕೊಂಡಿಯೂ ಇಲ್ಲ. ಒಂದು ಚಪ್ಪಡಿಯ ಅಂಚು ಪಕ್ಕದ ಚಪ್ಪಡಿಯನ್ನು ದಾಟಿ ಗೇಣುದ್ದ ಮುಂದೆ ಚಾಚಿರುತ್ತದೆ, ಅದರ ಅಂಚು ಮತ್ತೊಂದನ್ನು ದಾಟಿರುತ್ತದೆ. ಮೇಲಿನಿಂದ ನೋಡಿದರೆ ಸ್ವಸ್ತಿಕದ ನಕ್ಷೆ. ಹೀಗೆ ನಾಲ್ಕೂ ಒಂದಕ್ಕೊಂದು ಆನಿಕೊಂಡು, ಮಾಳಿಗೆಯ ಭಾರದಿಂದಲೇ ಗಟ್ಟಿಯಾಗಿ ಕೂತಿವೆ. ಗಂಗಾವತಿಯ ಪಡುವಣಕ್ಕೆ ಸುಮಾರು ಹತ್ತು ಕಿಲೋಮೀಟರು ದೂರದಲ್ಲಿ, ಊರಿನ ಹಿಂದಿನ ಗುಡ್ಡಸಾಲಿನ ಮೇಲೆ, ಇಂಥ ಸುಮಾರು 400 ಶಿಲಾಗೋರಿಗಳಿವೆ. ಕೆಲವು ಮೂರು ಮೀಟರು ಎತ್ತರ, ಕೆಲವು ಮಂಡಿಯೆತ್ತರಕ್ಕೂ ಬಾರದಷ್ಟು ಚಿಕ್ಕವು. ಕ್ರಿಸ್ತಪೂರ್ವ 800ರಿಂದ 200ರವರೆಗಿನ ಕಾಲದವು ಎಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಅಂದರೆ ವಿಜಯನಗರ ಹುಟ್ಟುವ ಹೊತ್ತಿಗೆ ಇವಕ್ಕೆ ಆಗಲೇ ಸಾವಿರದೈನೂರು ವರ್ಷ ದಾಟಿತ್ತು.

ಸತ್ತವರಿಗೆ ಕಟ್ಟಿದ ಕೋಣೆಗೆ ಬಾಗಿಲು ಯಾಕೆ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ನಾವು ಒಂದು ಕೋಣೆಯಲ್ಲಿ ನಿಲ್ಲುವುದಿಲ್ಲ. ಅದರ ಕಲ್ಲು ಎಲ್ಲಿಂದ ಬಂತು, ಯಾರು ಹೊತ್ತರು, ಹೊತ್ತವರು ಏನು ಕುಡಿದರು ಎಂಬಲ್ಲಿಗೆ ಬಂದು ಮುಟ್ಟುತ್ತೇವೆ. ಈ ಲೇಖನದ ವಾದ ಇಷ್ಟು: ಹಿರೇಬೆಣಕಲ್‌ನಲ್ಲಿರುವುದು 400 ಬಿಡಿ ಗೋರಿಗಳಲ್ಲ, ಹಲವು ತಲೆಮಾರುಗಳು ಕೂಡಿ ಕಟ್ಟಿದ ಒಂದು ಗುಡ್ಡ. ಗೋರಿ, ಕಲ್ಲು ತೆಗೆದ ಜಾಗ, ಅಲ್ಲಿ ನಿಂತ ನೀರು, ನಗಾರಿಯ ಬಂಡೆ, ಹತ್ತುವ ದಾರಿಯ ಗವಿಚಿತ್ರಗಳು ಇವೆಲ್ಲ ಒಂದೇ ಕೃತಿಯ ಭಾಗಗಳು. ಉಳಿಸಬೇಕಾದದ್ದೂ ಆ ಇಡೀ ಗುಡ್ಡವನ್ನೇ.

ಮೊದಲಿಗೆ, ಇವು ಗೋರಿಗಳೇ ಅಲ್ಲ, ಮನೆಗಳು ಎನ್ನುವ ಮಾತನ್ನು ಎದುರುಗೊಳ್ಳಬೇಕು. ಈ ಭಾಗದ ಜನ ಇದನ್ನು ಮೋರ್ಯರ ಗುಡ್ಡ, ಮೋರೇರ ಬೆಟ್ಟ ಎನ್ನುತ್ತಾರೆ. ಮೋರ್ಯರು ಗಿಡ್ಡ ಜನ, ಆದರೆ ದೊಡ್ಡ ಶಕ್ತಿಯವರು; ಬೆಂಕಿಯ ಮಳೆ ಸುರಿದಾಗ ತಪ್ಪಿಸಿಕೊಳ್ಳಲು ಈ ಕಲ್ಲಿನ ಮನೆಗಳನ್ನು ಕಟ್ಟಿಕೊಂಡರು ಎಂಬ ಕಥೆ ಉತ್ತರ ಕರ್ನಾಟಕದ ಹಲವು ಕಡೆ ಇದೆ. ಹಳೇ ಮೈಸೂರಿನ ಕಡೆ ಇಂಥ ಕೋಣೆಗಳಿಗೆ ಪಾಂಡವರ ಮನೆ ಎನ್ನುವುದುಂಟು. ಹೆಸರಿನ ಹೋಲಿಕೆ ಕಂಡು, ಮೋರ್ಯರೆಂದರೆ ಮೌರ್ಯರೇ ಎನ್ನುವವರೂ ಇದ್ದಾರೆ. ಅದಕ್ಕೆ ಇಂಬು ಕೊಡುವಂತೆ ಇದೇ ಜಿಲ್ಲೆಯ ಕೊಪ್ಪಳದಲ್ಲಿ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. 1931ರಲ್ಲಿ ಅವು ಬೆಳಕಿಗೆ ಬಂದವು. ಅಶೋಕನ ಕಾಲ ಕ್ರಿಸ್ತಪೂರ್ವ ಮೂರನೆಯ ಶತಮಾನ. ಅಂದರೆ ದೇವಾನಾಂಪ್ರಿಯನ ಮಾತನ್ನು ಕೊಪ್ಪಳದ ಬಂಡೆಗೆ ಕೊರೆಯುತ್ತಿದ್ದಾಗ ಹಿರೇಬೆಣಕಲ್‌ನಲ್ಲಿ ಗೋರಿ ಕಟ್ಟುವ ಪದ್ಧತಿ ಇನ್ನೂ ಪೂರ್ತಿ ನಿಂತಿರಲಿಲ್ಲ. ಆದರೂ ಹೆಚ್ಚಿನ ಗೋರಿಗಳ ಕಾಲ ಮೌರ್ಯರಿಗಿಂತ ಹಿಂದಿನದು, ಮೌರ್ಯರು ಎಲ್ಲೂ ಇಂಥ ಕೋಣೆಗಳನ್ನು ಕಟ್ಟಿದ ಗುರುತಿಲ್ಲ. ಹಾಗಾಗಿ ಹೆಸರಿನ ಹೋಲಿಕೆಯಿಂದ ಕಟ್ಟಿದವರನ್ನು ಗೊತ್ತುಮಾಡಲಾಗದು.

ವಾಸದ ಮನೆಯೆನ್ನಲೂ ಆಗದು. ಒಲೆಯ ಬೂದಿಯಿಲ್ಲ, ಬೀಸುವ ಕಲ್ಲಿಲ್ಲ, ಕಾಲು ಚಾಚಿ ಮಲಗಲು ಎಷ್ಟೋ ಕೋಣೆಗಳಲ್ಲಿ ಜಾಗವೂ ಇಲ್ಲ. ಇದೇ ಬಗೆಯ ಕಂಡಿಯಿರುವ ಕೋಣೆಗಳನ್ನು ಬೇರೆಡೆ ಅಗೆದಾಗ ಸಿಕ್ಕಿದ್ದೇನು ಎಂಬುದು ಇನ್ನೂ ಗಟ್ಟಿ ಸಾಕ್ಷಿ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನದಲ್ಲಿ ಇಂಥ ಶಿಲಾಕೋಣೆಗಳೊಳಗೆ ಮನುಷ್ಯರ ಮೂಳೆ, ಕಪ್ಪು ಕೆಂಪು ಬಣ್ಣದ ಮಡಕೆಗಳು, ಕಬ್ಬಿಣದ ಆಯುಧ ಮತ್ತು ಉಪಕರಣಗಳು ಸಿಕ್ಕವು. ಮೂಳೆಗಳು ಇಡೀ ದೇಹದ ಜೋಡಣೆಯಲ್ಲಿರಲಿಲ್ಲ. ಒಂದೇ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಮೂಳೆಗಳಿದ್ದವು. ಹೆಣವನ್ನು ಮೊದಲು ಬೇರೆಡೆ ಬಿಟ್ಟು, ಮಾಂಸ ಕರಗಿದ ಮೇಲೆ ಎಲುಬುಗಳನ್ನು ಆಯ್ದು ತಂದು ಇಲ್ಲಿಡುತ್ತಿದ್ದರು ಎಂದು ಇದರಿಂದ ತಿಳಿಯುತ್ತದೆ. ಕಿಂಡಿಯ ಗುಟ್ಟೂ ಇಲ್ಲೇ ಇದೆ. ಒಮ್ಮೆ ಮುಚ್ಚಿ ಮರೆಯುವ ಗುಂಡಿಗೆ ಬಾಗಿಲು ಬೇಕಿಲ್ಲ. ಮತ್ತೆ ಮತ್ತೆ ಬರುವವರಿಗೆ ಬಾಗಿಲು ಬೇಕು. ಮನೆಯವರೊಬ್ಬರು ತೀರಿದಾಗಲೆಲ್ಲ ಅದೇ ಕಿಂಡಿಯಿಂದ ಇನ್ನಷ್ಟು ಎಲುಬು ಒಳಗೆ ಹೋಗುತ್ತಿತ್ತು ಎಂದು ಊಹಿಸಿದರೆ ಈ ಕಲ್ಲಿನ ರಚನೆಗೆ ಅರ್ಥ ಬರುತ್ತದೆ. ಹಾಗೆ ನೋಡಿದರೆ ಮನೆ ಎಂದು ಕರೆದ ಜನರ ಮಾತು ಪೂರ್ತಿ ತಪ್ಪಲ್ಲ. ನಾಲ್ಕು ಗೋಡೆ, ಮಾಳಿಗೆ, ಬಾಗಿಲು. ಬದುಕಿದ್ದವರು ಹುಲ್ಲು ಮಣ್ಣಿನ ಗುಡಿಸಲಿನಲ್ಲಿದ್ದುಕೊಂಡು, ಸತ್ತವರಿಗೆ ಕಲ್ಲಿನ ಮನೆ ಕಟ್ಟಿದರು.

ಇಲ್ಲಿ ಇನ್ನೊಂದು ಆಕ್ಷೇಪ ಬರುತ್ತದೆ, ಅದು ಹೆಚ್ಚು ತೂಕದ್ದು. ಹಿರೇಬೆಣಕಲ್‌ನ ದೊಡ್ಡ ಕೋಣೆಗಳು ಬಹುತೇಕ ಬರಿದಾಗಿವೆ. ಹಲವು ಬರೀ ಹಾಸುಬಂಡೆಯ ಮೇಲೆ ನಿಂತಿವೆ. ಅಗೆಯಲು ಮಣ್ಣೇ ಇಲ್ಲದ ಕಡೆ ಹೂಳುವುದೇನು? ಬ್ರಹ್ಮಗಿರಿಯ ಸಾಕ್ಷಿಯನ್ನು ಇಲ್ಲಿಗೆ ತಂದು ಹೊಂದಿಸುವುದು ಸರಿಯೇ? ಈ ಆಕ್ಷೇಪವನ್ನು ತಳ್ಳಿಹಾಕಬಾರದು. ಎರಡು ಸಾವಿರ ವರ್ಷಗಳ ಮಳೆ, ಗಾಳಿ, ನರಿ, ನಿಧಿಯಾಸೆಯ ಕೈಗಳು ತೆರೆದ ಕೋಣೆಯನ್ನು ಖಾಲಿ ಮಾಡುತ್ತವೆ ಎಂಬುದು ಒಂದು ಉತ್ತರ. ಆದರೆ ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಕೆಲವು ಕೋಣೆಗಳಲ್ಲಿ ಎಂದೂ ಎಲುಬು ಇಟ್ಟಿರದಿದ್ದರೆ, ಅವು ಸತ್ತವರ ನೆನಪಿಗೆ ನಿಲ್ಲಿಸಿದ ಸ್ಮಾರಕಗಳಾಗಿದ್ದರೆ, ಆಗ ಈ ಗುಡ್ಡದ ಅರ್ಥ ಇನ್ನೂ ಹಿಗ್ಗುತ್ತದೆ. ಹೆಣ ವಿಲೇವಾರಿ ಮಾಡಲು ಇಷ್ಟು ಕಷ್ಟಪಡಬೇಕಿಲ್ಲ, ಕೆಳಗಿನ ಬಯಲಲ್ಲಿ ಮೆತ್ತನೆಯ ಮಣ್ಣಿತ್ತು. ಮೇಲಕ್ಕೆ ಹತ್ತಿ ಬಂದು, ಎಲ್ಲರಿಗೂ ಕಾಣುವ ಏರಿನಲ್ಲಿ, ನೂರಾರು ವರ್ಷ ಒಂದೇ ಜಾಗಕ್ಕೆ ಕಲ್ಲು ಸೇರಿಸುತ್ತ ಹೋದದ್ದು ಬದುಕಿರುವವರ ಸಲುವಾಗಿ. ಎ. ಸುಂದರ ಅವರು ಉತ್ತರ ಕರ್ನಾಟಕದ ಶಿಲಾಕೋಣೆಗಳನ್ನು ಊರೂರು ಅಲೆದು ಅಳೆದು, 1975ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವುಗಳ ಬಗೆಗಳನ್ನು ವಿಂಗಡಿಸಿ ತೋರಿಸಿದರು. ಆ ವಿಂಗಡಣೆಯ ಉಪಕಾರ ದೊಡ್ಡದು. ಆದರೆ ಕೋಣೆಯ ಬಗೆ ತಿಳಿದಷ್ಟಕ್ಕೆ ಗುಡ್ಡ ತಿಳಿದಂತಾಗುವುದಿಲ್ಲ.

ಕಲ್ಲಿನ ಲೆಕ್ಕಕ್ಕೆ ಬರೋಣ. ಮೂರು ಮೀಟರು ಉದ್ದ, ಎರಡು ಮೀಟರು ಅಗಲ, ಇಪ್ಪತ್ತು ಸೆಂಟಿಮೀಟರು ದಪ್ಪದ ಗ್ರಾನೈಟ್ ಚಪ್ಪಡಿ ಎಂದಿಟ್ಟುಕೊಂಡರೆ ಅದರ ತೂಕ ಮೂರು ಟನ್ನಿಗೂ ಮೇಲಾಗುತ್ತದೆ. ಒಂದು ಕೋಣೆಗೆ ಇಂಥವು ಐದು ಬೇಕು. ಇಷ್ಟು ಭಾರವನ್ನು ಬಯಲಿನಿಂದ ಗುಡ್ಡಕ್ಕೆ ಸಾಗಿಸಲಿಲ್ಲ. ಕಲ್ಲನ್ನು ಗುಡ್ಡದ ಮೇಲೇ, ಗೋರಿಗಳ ಪಕ್ಕದಲ್ಲೇ ತೆಗೆದರು. ಈ ಸೀಮೆಯ ಗ್ರಾನೈಟ್ ಬಂಡೆಗಳು ಈರುಳ್ಳಿಯಂತೆ ಪದರ ಪದರವಾಗಿ ಬಿಡುತ್ತವೆ. ಬಿಸಿಲಿಗೆ ಹಿಗ್ಗಿ, ರಾತ್ರಿಯ ತಂಪಿಗೆ ಕುಗ್ಗಿ, ಮೇಲಿನ ಪದರ ತಾನಾಗಿಯೇ ಸಡಿಲವಾಗುತ್ತದೆ. ಆ ಬಿರುಕಿಗೆ ಬೆಣೆ ಹೊಡೆದು, ಅಥವಾ ಬಂಡೆಯ ಮೇಲೆ ಬೆಂಕಿ ಹಾಕಿ ಕಾಯಿಸಿ ಚಪ್ಪಡಿ ಎಬ್ಬಿಸುವ ಕಲೆಯನ್ನು ಕರ್ನಾಟಕದ ಕಲ್ಲು ಒಡೆಯುವವರು ಇತ್ತೀಚಿನವರೆಗೂ ಬಲ್ಲವರಾಗಿದ್ದರು. ಚಪ್ಪಡಿಯನ್ನು ಎಬ್ಬಿಸಿದ ಕಡೆ ಬಂಡೆಯಲ್ಲಿ ತಗ್ಗು ಬೀಳುತ್ತದೆ. ಒಂದರ ಪಕ್ಕ ಒಂದು ಎಬ್ಬಿಸುತ್ತ ಹೋದರೆ ತಗ್ಗು ಹೊಂಡವಾಗುತ್ತದೆ. ಮಳೆ ಬಂದರೆ ಹೊಂಡದಲ್ಲಿ ನೀರು ನಿಲ್ಲುತ್ತದೆ. ತಳ ಕಲ್ಲಾದ್ದರಿಂದ ಇಂಗಿ ಹೋಗುವುದಿಲ್ಲ. ಗೋರಿಗಳ ನಡುವೆ ಇಂದಿಗೂ ಇರುವ ಕೆರೆಯಂಥ ಹೊಂಡ ಹೀಗೆ ಹುಟ್ಟಿದ್ದು.

ಇದೇ ಈ ಗುಡ್ಡದ ನಡುಮನೆ ಎಂದು ನನಗನ್ನಿಸುತ್ತದೆ. ಕೊಪ್ಪಳ ಸೀಮೆಯಲ್ಲಿ ನೀರೆಂದರೆ ಏನು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಯಲಬುರ್ಗಾ, ಕುಷ್ಟಗಿಯ ಒಣಬೇಸಾಯದವರು ಮುಗಿಲು ನೋಡುತ್ತಲೇ ಆಯುಷ್ಯ ಕಳೆದವರು. ಮಳೆ ಕಡಿಮೆಯಿರುವ ಇಂಥ ಎಡೆದೊರೆ ನಾಡಿನಲ್ಲಿ, ಗುಡ್ಡದ ನೆತ್ತಿಯ ಮೇಲೆ ಬೇಸಿಗೆಗೂ ಉಳಿಯುವ ನೀರು ಸಿಕ್ಕಿತೆಂದರೆ ಅಲ್ಲಿ ದನಕರು ಮೇಯಿಸಬಹುದು, ಜನ ನಿಲ್ಲಬಹುದು, ಮತ್ತೂ ಕಲ್ಲು ತೆಗೆಯಬಹುದು. ಸತ್ತವರಿಗೆ ಮನೆ ಕಟ್ಟಲು ಹೋದದ್ದರಿಂದ ಬದುಕಿದ್ದವರಿಗೆ ನೀರು ದಕ್ಕಿತು. ಮೊದಲು ಇದು ಆಕಸ್ಮಿಕವಾಗಿ ಆಗಿರಬಹುದು. ಆದರೆ ನೂರಾರು ವರ್ಷ ಅದೇ ಜಾಗದಲ್ಲಿ ಕಲ್ಲು ತೆಗೆದವರಿಗೆ ತಾವು ಮಾಡುತ್ತಿರುವುದರ ಪರಿಣಾಮ ಕಾಣದೆ ಇರಲು ಸಾಧ್ಯವಿಲ್ಲ. ಈ ನೆಲದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಅಮೆರಿಕದ ಪುರಾತತ್ವಜ್ಞ ಆಂಡ್ರ್ಯೂ ಬಾವರ್ ಅವರೂ ಗೋರಿ, ದುಡಿಮೆ ಮತ್ತು ನೀರು ಈ ಮೂರರ ನಂಟನ್ನು ಎತ್ತಿ ತೋರಿಸಿದ್ದಾರೆ. ತುಂಗಭದ್ರೆಯ ಇದೇ ದಂಡೆಯ ಕಡೇಬಾಗಿಲಿನಲ್ಲಿ ಕಾರ್ಲಾ ಸಿನೊಪೊಲಿ, ಕ್ಯಾಥ್ಲೀನ್ ಮಾರಿಸನ್ ಮತ್ತಿತರರು ನಡೆಸಿದ ಉತ್ಖನನ, ಕಬ್ಬಿಣ ಯುಗದ ಜನ ಗುಡ್ಡದ ಮೇಲೆ ನೆಲೆಯೂರಿದ್ದನ್ನು ತೋರಿಸಿತು. ಗುಡ್ಡ ಹತ್ತುವುದು ಅವರಿಗೆ ಹಬ್ಬ ಹುಣ್ಣಿಮೆಯ ಕೆಲಸವಾಗಿರಲಿಲ್ಲ.

ನೀರಿನ ಜೊತೆಗೆ ಸದ್ದನ್ನೂ ಸೇರಿಸಬೇಕು. ಎತ್ತರದ ಒಂದು ಗುಂಡಿನ ಮೇಲೆ ಎರಡು ಮೀಟರಿಗೂ ಹೆಚ್ಚು ವ್ಯಾಸದ, ಅರ್ಧಗೋಳದ ಆಕಾರದ ಕಲ್ಲೊಂದು ಕೂತಿದೆ. ಜನ ಇದನ್ನು ನಗಾರಿ ಎಂದು ಕರೆಯುವುದು ಸುಮ್ಮನೆ ಅಲ್ಲ: ಕಟ್ಟಿಗೆಯಿಂದಲೋ ಕಲ್ಲಿನಿಂದಲೋ ಬಡಿದರೆ ಗಂಟೆಯಂತೆ ಮೊಳಗುತ್ತದೆ, ಅದರ ದನಿ ಒಂದು ಕಿಲೋಮೀಟರು ದೂರಕ್ಕೂ ಕೇಳುತ್ತದೆ ಎನ್ನುತ್ತಾರೆ. ಸಾವಿನ ಸುದ್ದಿ ಸಾರಲೋ, ಅಪಾಯ ತಿಳಿಸಲೋ, ಕ್ರಿಯೆಗೆ ಜನರನ್ನು ಕರೆಯಲೋ, ಇದು ಒಂಟಿ ಮನುಷ್ಯನಿಗಾಗಿ ಇಟ್ಟ ವಾದ್ಯವಲ್ಲ. ಸುತ್ತಲ ಊರುಗಳಿಗೆ ಮುಟ್ಟಬೇಕಾದ ದನಿಯದು. ತುಂಗಭದ್ರೆಯ ಆಚೆ, ಬಳ್ಳಾರಿಯ ಹತ್ತಿರದ ಕುಪಗಲ್ಲು ಗುಡ್ಡದಲ್ಲೂ ಬಡಿದರೆ ಮೊಳಗುವ ಕರಿಬಂಡೆಗಳಿವೆ. ಇನ್ನೂ ಹಿಂದಿನ ಹೊಸ ಶಿಲಾಯುಗದ ಜನ ಅವುಗಳ ಮೇಲೆ ಚಿತ್ರ ಕುಟ್ಟಿ, ಕಲ್ಲಿನಿಂದ ಬಾರಿಸಿದ ಸವೆತದ ಗುರುತುಗಳನ್ನು ಬಿಟ್ಟುಹೋಗಿದ್ದಾರೆ. ಕಲ್ಲಿನಲ್ಲಿ ದನಿಯನ್ನು ಹುಡುಕುವ ಅಭ್ಯಾಸ ಈ ಸೀಮೆಯದೇ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಿಜಾಮನ ಸೇವೆಯಲ್ಲಿದ್ದ, ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗದ ಶಿಲಾಗೋರಿಗಳನ್ನು ಶ್ರದ್ಧೆಯಿಂದ ಹುಡುಕಿ, ಅಗೆದು, ಬರೆದಿಟ್ಟವನು. ಜೇವರ್ಗಿ, ರಾಜನಕೋಳೂರಿನ ಗೋರಿಗಳ ಬಗ್ಗೆ ಅವನ ಬರಹ ಇಂದಿಗೂ ಬೆಲೆಯುಳ್ಳದ್ದು. ಆದರೆ ಅವನ ಕಣ್ಣಿಗೆ ಇವು ತನ್ನ ನಾಡಿನ ಕೆಲ್ಟ್ ಜನರ, ಡ್ರೂಯಿಡ್ ಪೂಜಾರಿಗಳ, ಇಲ್ಲವೇ ಮಧ್ಯ ಏಷ್ಯಾದ ಸಿಥಿಯನ್ನರ ಕಟ್ಟಡಗಳಂತೆ ಕಂಡವು. ಹೋಲಿಕೆ ಇರುವುದು ಸುಳ್ಳಲ್ಲ. ಕಪ್ಪು ಸಮುದ್ರದ ದಂಡೆಯ ಕಾಕಸಸ್ ಬೆಟ್ಟಗಳಲ್ಲಿ ಥೇಟ್ ಇಂಥವೇ ದುಂಡು ಕಿಂಡಿಯ ಕಲ್ಲಿನ ಕೋಣೆಗಳಿವೆ. ಆದರೆ ಅವು ನಮ್ಮವಕ್ಕಿಂತ ಸಾವಿರಾರು ವರ್ಷ ಹಿಂದಿನವು, ನಡುವಿನ ದಾರಿಯಲ್ಲಿ ಅವೆರಡನ್ನೂ ಬೆಸೆಯುವ ಕೊಂಡಿಗಳಿಲ್ಲ. ಚಪ್ಪಡಿಯಾಗಿ ಬಿಡುವ ಕಲ್ಲು ಸಿಕ್ಕ ಕಡೆ, ಎಲುಬನ್ನು ಮನೆಯಲ್ಲಿಡುವ ನಂಬಿಕೆ ಇದ್ದ ಕಡೆ, ನಾಲ್ಕು ಗೋಡೆ ಒಂದು ಕಿಂಡಿಯ ಆಕಾರ ತಾನಾಗಿ ಮೂಡಬಹುದು. ಇಲ್ಲಿಯದೇ ಪದರಬಂಡೆ, ಇಲ್ಲಿಯದೇ ಹೊಸ ಶಿಲಾಯುಗದ ದನಗಾಹಿ ಪರಂಪರೆ, ಇಲ್ಲಿಯದೇ ಕಬ್ಬಿಣ ಕಣ್ಣೆದುರಿಗಿರುವಾಗ ಕಟ್ಟಿದವರನ್ನು ದೂರದಿಂದ ಕರೆತರಬೇಕಾದ ಅಗತ್ಯವಿಲ್ಲ.

ಇನ್ನೊಂದು ಪ್ರಶ್ನೆ ಬೇರೆ ದಿಕ್ಕಿನಿಂದ ಬರುತ್ತದೆ. ಮೂರು ಟನ್ನಿನ ಚಪ್ಪಡಿಯನ್ನು ಯಾರೂ ಸಂತೋಷಕ್ಕೆ ಹೊರುವುದಿಲ್ಲ. ಯಾರೋ ಗೌಡನ ಗೋರಿಗೆ ಊರವರ ಬೆನ್ನು ಮುರಿದಿರಬೇಕು, ಇದನ್ನು ಕೂಡಿ ಕಟ್ಟಿದ್ದು ಎನ್ನುವುದು ಯಾವ ನ್ಯಾಯ? ಇದರಲ್ಲಿ ಸತ್ಯಾಂಶವಿದೆ. ಎಲ್ಲ ಗೋರಿಗಳೂ ಒಂದೇ ಅಳತೆಯವಲ್ಲ. ದೊಡ್ಡ ಕೋಣೆಗಳ ಹಿಂದೆ ದೊಡ್ಡ ಮನೆತನಗಳಿದ್ದವು, ಜನರನ್ನು ಕಲೆಹಾಕಿ ಉಣಿಸಿ ದುಡಿಸುವ ಶಕ್ತಿ ಕೆಲವರಿಗಿತ್ತು, ಹೊಂಡದ ನೀರಿನ ಮೇಲೂ ಅವರದೇ ಹಿಡಿತವಿದ್ದಿರಬಹುದು. ಸಮಾನತೆಯ ಚಿನ್ನದ ಕಾಲವೊಂದನ್ನು ಈ ಗುಡ್ಡದ ಮೇಲೆ ಕಲ್ಪಿಸಿಕೊಳ್ಳುವುದು ಬೇಡ. ಆದರೆ ಕೂಡಿ ಕಟ್ಟುವುದು ಎಂದರೆ ಸಮಪಾಲು ಎಂದಲ್ಲವಲ್ಲ. ಒಬ್ಬ ಗೌಡನ ಆಸೆ ಆರುನೂರು ವರ್ಷ ಬಾಳುವುದಿಲ್ಲ. ಮಂಡಿಯೆತ್ತರದ ಸಣ್ಣ ಕೋಣೆಗಳೂ ಅದೇ ಗುಡ್ಡದಲ್ಲಿ, ದೊಡ್ಡವುಗಳ ಮಗ್ಗುಲಲ್ಲೇ ಇವೆ. ನಾಲ್ಕಾರು ಜನ ಎತ್ತಿ ನಿಲ್ಲಿಸಬಹುದಾದಂಥ ಚಪ್ಪಡಿಗಳು ಅವು. ಬಡವರೂ ತಮ್ಮವರನ್ನು ಅಲ್ಲೇ ತಂದಿಟ್ಟರು ಎಂದು ಅವು ಹೇಳುತ್ತವೆ.

ಈಗ ವಾರಸುದಾರಿಕೆಯ ಮಾತು. ಇಂಗ್ಲೆಂಡಿನ ಹಳ್ಳಿಯ ಚರ್ಚಿನ ಅಂಗಳದಲ್ಲಿ ಹಳೆಯ ಕಲ್ಲಿನ ಗೋರಿಯೊಂದಿದ್ದರೆ ಅದರ ಮೇಲೆ ಹೆಸರು, ಇಸವಿ ಇರುತ್ತದೆ, ಚರ್ಚಿನ ದಫ್ತರಿನಲ್ಲಿ ನಮೂದು ಇರುತ್ತದೆ, ಅದನ್ನು ತಮ್ಮದೆನ್ನುವ ಸಭೆಯವರಿರುತ್ತಾರೆ. ನಮ್ಮಲ್ಲೂ ಹಾಗೆಯೇ. ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿ ಒಂಬತ್ತು ಮಾಧ್ವ ಯತಿಗಳ ನವಬೃಂದಾವನವಿದೆ. 2019ರ ಜುಲೈನಲ್ಲಿ ನಿಧಿಯಾಸೆಯ ಗುಂಪೊಂದು ರಾತ್ರೋರಾತ್ರಿ ಅಲ್ಲಿಯ ವ್ಯಾಸರಾಜರ ಬೃಂದಾವನವನ್ನು ಕೆಡವಿಹಾಕಿತು. ಸುದ್ದಿ ಹಬ್ಬುತ್ತಲೇ ನಾಡಿನ ಮೂಲೆಮೂಲೆಯಿಂದ ಭಕ್ತರು, ಯತಿಗಳು ಹೊಳೆ ದಾಟಿ ಬಂದರು; ಬೃಂದಾವನ ಕೂಡಲೇ ಮತ್ತೆ ಎದ್ದು ನಿಂತಿತು, ತಪ್ಪಿತಸ್ಥರ ಬೇಟೆಯೂ ನಡೆಯಿತು. ಅದೇ ತಾಲ್ಲೂಕಿನ ಹಿರೇಬೆಣಕಲ್‌ನಲ್ಲಿ ಒಂದು ಮಾಳಿಗೆಯ ಚಪ್ಪಡಿ ಉರುಳಿದರೆ ಯಾವ ಮಠವೂ ಬರುವುದಿಲ್ಲ, ಯಾವ ಜಾತಿಯೂ ಎದೆ ಬಡಿದುಕೊಳ್ಳುವುದಿಲ್ಲ. ಅವು ಇಂಥವರ ಪೂರ್ವಜರವೆಂದು ಹೇಳುವ ಶಾಸನವಿಲ್ಲ. ಶಾಸನ ಬರೆಯುವ ಕಾಲಕ್ಕಿಂತ ಹಿಂದಿನವು ಅವುಗಳಲ್ಲಿ ಹೆಚ್ಚಿನವು. ಯಾರದೂ ಅಲ್ಲದ್ದು ನಮ್ಮೆಲ್ಲರದು ಎಂದು ಮಾತಿಗೆ ಹೇಳಬಹುದು. ವ್ಯವಹಾರದಲ್ಲಿ ಮಾತ್ರ ಯಾರದೂ ಅಲ್ಲದ ಕಲ್ಲು ಹಾರೆಗೆ ಮೊದಲು ಸಿಗುತ್ತದೆ. ಒಳಗೆ ಸಿಕ್ಕೀತೆಂದರೆ ಒಡೆದ ಮಡಕೆ, ತುಕ್ಕು ಹಿಡಿದ ಕಬ್ಬಿಣ, ನಾಲ್ಕು ಮಣಿ. ಈ ಮಾತು ಊರೂರಿಗೆ ಗೊತ್ತಾದರೆ ಅರ್ಧ ಕಾವಲು ಆದಂತೆ.

2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಹಿರೇಬೆಣಕಲ್‌ನ ಹೆಸರು ಸೇರಿತು. ಅದರ ಜೊತೆಯಲ್ಲೇ ಸೇರಿದ್ದ ಮರಾಠರ ಕೋಟೆಗಳು 2025ರಲ್ಲಿ ಮುಖ್ಯ ಪಟ್ಟಿಗೂ ಏರಿವೆ. ಹಿರೇಬೆಣಕಲ್ ಇನ್ನೂ ಕಾಯುತ್ತಿದೆ. ಈ ಹಂತದಲ್ಲಿ ಸ್ಥಳೀಯರ ಎದೆಯಲ್ಲಿರುವ ಆಕ್ಷೇಪವೇ ಎಲ್ಲಕ್ಕಿಂತ ದೊಡ್ಡದು, ಅದರ ಹೆಸರು ವಿರೂಪಾಪುರಗಡ್ಡೆ. ಹಂಪಿಯ ವಿರೂಪಾಕ್ಷನ ಗೋಪುರಕ್ಕೆ ಎದುರಾಗಿ ಹೊಳೆಯ ಈಚೆ ಭತ್ತದ ಗದ್ದೆಗಳ ನಡುವೆ ಹರಡಿರುವ ಆ ಗಡ್ಡೆಯಲ್ಲಿ ದಶಕಗಳ ಕಾಲ ವಸತಿಗೃಹ, ಹೋಟೆಲುಗಳು ಬೆಳೆದವು, ದೇಶವಿದೇಶದ ಪ್ರವಾಸಿಗರು ತುಂಬಿದರು, ಸುತ್ತಲ ಹಳ್ಳಿಯ ಹುಡುಗರಿಗೆ ಕೆಲಸ ಸಿಕ್ಕಿತು. ಹಂಪಿ ವಿಶ್ವ ಪರಂಪರೆಯ ಪ್ರದೇಶದೊಳಗೆ ಅನುಮತಿಯಿಲ್ಲದೆ ಕಟ್ಟಿದವೆಂದು ಹೈಕೋರ್ಟು 2015ರಲ್ಲಿ ಕೊಟ್ಟ ತೀರ್ಪನ್ನು 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಕೆಲವೇ ವಾರಗಳಲ್ಲಿ ಜೆಸಿಬಿಗಳು ಬಂದವು. ಪರಂಪರೆ ಎಂಬ ಪದ ಊರಿಗೆ ಕಾಲಿಟ್ಟರೆ ಅದರ ಹಿಂದೆ ಜೆಸಿಬಿಯೂ ಬರುತ್ತದೆ ಎಂಬ ಅಂಜಿಕೆ ಸುತ್ತಲಿನವರಲ್ಲಿ ಉಳಿದಿದ್ದರೆ ಅದನ್ನು ತಪ್ಪೆನ್ನುವುದು ಹೇಗೆ? ಸತ್ತು ಎರಡು ಸಾವಿರ ವರ್ಷವಾದವರ ಮನೆ ಉಳಿಸಲು ಬದುಕಿದ್ದವರ ಮನೆ ಕೆಡವುವುದೇ ಎಂದು ಕೇಳಿದರೆ, ಆ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಗೋರಿಗಳ ಪರ ಮಾತಾಡುವವರದು.

ನನ್ನ ಉತ್ತರ ಗುಡ್ಡದ ವಾದದಿಂದಲೇ ಹೊರಡುತ್ತದೆ. ಗಡ್ಡೆಯಲ್ಲಿ ಕಟ್ಟಡಗಳು ಮೊದಲು ಬೆಳೆದವು, ನಿಯಮ ಜಾರಿಯಾದದ್ದು ಕೊನೆಗೆ, ಒಮ್ಮೆಲೇ. ಹಿರೇಬೆಣಕಲ್‌ನಲ್ಲಿ ಕೆಡವಬೇಕಾದದ್ದು ಏನೂ ಇಲ್ಲ. ಗುಡ್ಡದ ಮೇಲೆ ರೆಸಾರ್ಟಿಲ್ಲ, ಮೇಲೆ ಮುಟ್ಟುವ ಡಾಂಬರು ರಸ್ತೆಯೂ ಇಲ್ಲ, ಹತ್ತಲು ಕಾಲುದಾರಿಯೇ ಗತಿ. ಊಟ, ವಸತಿ, ದಾರಿ ತೋರಿಸುವ ಕೆಲಸ, ಕಾವಲು ಎಲ್ಲವೂ ಕೆಳಗಿನ ಊರಿನವರದೇ ಆಗಿರಬೇಕೆಂದು, ಮೇಲೆ ಏನನ್ನೂ ಕಟ್ಟಬಾರದೆಂದು ಈಗಲೇ ಗೊತ್ತುಮಾಡಿದರೆ ಇಬ್ಬರಿಗೂ ನಷ್ಟವಿಲ್ಲ. ರಕ್ಷಣೆಯ ಗೆರೆಯನ್ನು ಗೋರಿಗಳ ಸುತ್ತ ಮಾತ್ರ ಎಳೆದರೆ ಸಾಲದು ಎನ್ನುವುದೂ ಇದಕ್ಕೇ. ಹತ್ತುವ ದಾರಿಯ ಬಂಡೆಯ ಆಸರೆಗಳಲ್ಲಿ ಕೆಂಪು ಬಣ್ಣದಲ್ಲಿ ಬರೆದ ಕುದುರೆಗಳು, ಆಯುಧ ಹಿಡಿದ ಜನ, ಸಾಲಾಗಿ ಕುಣಿಯುವವರು ಆಗ ಗೆರೆಯ ಆಚೆ ಬೀಳುತ್ತಾರೆ. ಕಲ್ಲು ಎಬ್ಬಿಸಿದ ಗಾಯದ ಬಂಡೆಗಳು ಬರೀ ಬಂಡೆಗಳೆನಿಸುತ್ತವೆ. ಕುಷ್ಟಗಿ, ಇಳಕಲ್ಲಿನ ಕೆಂಪು ಗ್ರಾನೈಟು ಲಾರಿಯಲ್ಲಿ ಊರುಬಿಟ್ಟು ಹೋಗುವ ಈ ಸೀಮೆಯಲ್ಲಿ ಬರೀ ಬಂಡೆ ಎನಿಸಿಕೊಳ್ಳುವುದು ಅಪಾಯದ ಮಾತು. ಅವರೂ ಕಲ್ಲು ತೆಗೆದರಲ್ಲ, ಈಗ ತೆಗೆದರೇನು ಎನ್ನುವವರು ಎರಡೂ ಹೊಂಡಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಲಿ. ಇಂದಿನ ಕ್ವಾರಿ ಬಂಡೆಯನ್ನು ಕಡಿದಾಗಿ, ಆಳವಾಗಿ ಕತ್ತರಿಸುತ್ತದೆ. ದನ ಇಳಿದರೆ ಮೇಲೆ ಬರುವುದಿಲ್ಲ. ಅವರು ಎಬ್ಬಿಸಿದ್ದು ಒಂದೊಂದೇ ಪದರ. ಅಂಚು ಇಳಿಜಾರಾಗಿ ಉಳಿದಿದೆ. ಬೇಸಿಗೆಯಲ್ಲಿ ಕುರಿಗಳು ಆ ಇಳಿಜಾರಿನಲ್ಲೇ ನಡೆದು ಹೋಗಿ, ಗೋರಿಗಳ ನೆರಳು ಬೀಳುವ ನೀರಿಗೆ ಬಾಯಿ ಹಾಕುತ್ತವೆ.